ನನಗೇ ಫಿಟ್ಟಿಂಗ್ ಇಟ್ಟರು ಸ್ವಾಮಿ!

ನಮ್ಮ ಷಡ್ಡಕರ ಗಾಲ್ಫ್ ಹುಚ್ಚು ಈ ಅಂಕಣದ ಓದುಗರಿಗೆ ಹೊಸದಲ್ಲ. ಹೋದ ಯುಗಾದಿಗೆ ಒಬ್ಬಟ್ಟಿನ ಲಟ್ಟಣಿಗೆ ಹಿಡಿದು ಹಾಲ್‌ನಲ್ಲಿ ‘ಗ್ರಿಪ್’ ತೋರಿಸಲು ಹೋಗಿ ಟ್ಯೂಬ್‌ಲೈಟ್ ಒಡೆದದ್ದನ್ನು ಬರೆದಾಗಿದೆ, ಅದಕ್ಕೆ ಅವರು ಮೂರು ತಿಂಗಳು ಮಾತು ಬಿಟ್ಟದ್ದನ್ನೂ ಬರೆದಾಗಿದೆ. ಮೊನ್ನೆ ಅವರೇ ಫೋನ್ ಮಾಡಿ, “ಶನಿವಾರ ಡ್ರೈವರ್ ಫಿಟ್ಟಿಂಗ್ ಇದೆ, ಬನ್ನಿ” ಅಂದರು. ಹೊಸ ಡ್ರೈವರನಿಗೆ ಯೂನಿಫಾರ್ಮ್ ಹೊಲಿಸುತ್ತಾರೇನೋ ಅಂದುಕೊಂಡಳು ನನ್ನಾಕೆ. ಯಾರು ಯಾರಿಗೆ ಫಿಟ್ಟಿಂಗ್ ಇಡುತ್ತಿದ್ದಾರೋ ಅಂದುಕೊಂಡೆ ನಾನು. ಗಾಲ್ಫಿನ ಡ್ರೈವರ್ ಅಂದರೆ ಮೊದಲ ಹೊಡೆತಕ್ಕೆ ತೆಗೆಯುವ ದೊಡ್ಡ ತಲೆಯ, ಉದ್ದನೆಯ ಕೋಲು. ಅದನ್ನು ಆಡುವವನ ಬೀಸಿಗೆ ಹೊಂದಿಸಿಕೊಡುವುದೇ ಫಿಟ್ಟಿಂಗ್. ಅಳತೆಯ ಮಾತು ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಬಸವನಗುಡಿಯ ನಮ್ಮ ಟೈಲರ್ ಅಂಗಡಿ ಮುಚ್ಚಿದಾಗಿನಿಂದ ನನಗೆ ಸರಿಯಾಗಿ ಕೂರುವ ಪ್ಯಾಂಟು ಸಿಕ್ಕಿಲ್ಲ. ಹಾಗಾಗಿ ಹೋದೆ.

ಫಿಟ್ಟಿಂಗ್ ಕೋಣೆಯಲ್ಲಿ ಅರ್ಧ ಗಂಟೆ ‘ಠಣ್ ಠಣ್’ ಕೇಳಿ ತಲೆ ಸಿಡಿಯತೊಡಗಿತು. ಆಚೆ ಬಂದು ಕಾರಿಗೆ ಒರಗಿ ನಿಂತರೆ ಡಿಕ್ಕಿಯೊಳಗಿಂದ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ತೆಗೆದು ನೋಡಿದರೆ ಷಡ್ಡಕರ ಹಳೇ ಡ್ರೈವರ್, ಹುಲಿಮುಖದ ಬಟ್ಟೆ ಟೋಪಿ ಹಾಕಿಕೊಂಡು ಮಲಗಿತ್ತು. ಟೋಪಿ ಸರಿಸಿದೆ. ಮುಖದ ತುಂಬ ಬಿಳಿ ಪೌಡರ್.

ಪ್ರಶ್ನೆ: ಇದೇನು ಅಲಂಕಾರ? ಮದುವೆಗೆ ಹೊರಟಿರಾ?

ಡ್ರೈವರ್: ಮದುವೆಯಲ್ಲ ಸ್ವಾಮಿ, ಪೋಸ್ಟ್‌ಮಾರ್ಟಂ. ಇದು ಕಾಲಿಗೆ ಹೊಡ್ಕೊಳ್ಳೋ ಪೌಡರ್ ಸ್ಪ್ರೇ. ಚೆಂಡು ಎಲ್ಲಿ ತಗಲಿತು ಅಂತ ಗೊತ್ತಾಗೋಕೆ ನನ್ನ ಮುಖಕ್ಕೆ ಹೊಡೆದರು. ಎಣಿಸಿ, ಹತ್ತು ಗುರುತು ಇದಾವೆ. ಏಳು ಹಿಮ್ಮಡಿ ಕಡೆ, ಅಂದರೆ ನನ್ನ ಕತ್ತಿನ ಹತ್ತಿರ; ಎರಡು ಬೆರಳ ತುದಿಗೆ, ಅಂದರೆ ಆಚೆ ಕೊನೆಗೆ. ನಟ್ಟನಡುವೆ ಇರೋದು ಒಂದೇ, ಅದು ಯಜಮಾನರು ಸೀನಿದಾಗ ಬಿದ್ದದ್ದು.

ಪ್ರಶ್ನೆ: ಒಳಗೆ ಏನೇನು ನಡೆಯಿತು, ಮೊದಲಿಂದ ಹೇಳಿ.

ಡ್ರೈವರ್: ಮೊದಲ ಹತ್ತು ಹೊಡೆತ ನನ್ನಿಂದಲೇ. ಸರ್ಕಾರಿ ಆಫೀಸಲ್ಲಿ ಎತ್ತಂಗಡಿ ಆದೋನ ಕೈಲೇ ಚಾರ್ಜ್ ಲಿಸ್ಟ್ ಬರೆಸ್ಕೊಳ್ತಾರಲ್ಲ, ಹಾಗೆ. ಹಿಂದೊಂದು ಕಿತ್ತಳೆ ಬಣ್ಣದ ಪೆಟ್ಟಿಗೆ, ಟ್ರ್ಯಾಕ್‌ಮ್ಯಾನ್ ಅಂತ, ಡೆನ್ಮಾರ್ಕಿನೋರ ರೇಡಾರು. ಕೆಲವು ಕಡೆ ರೇಡಾರ್ ಬದಲು ಕ್ಯಾಮೆರಾದ ಯಂತ್ರ ಇರುತ್ತೆ. ಚೆಂಡು ನಾಲ್ಕು ಮಾರು ಹಾರಿ ಪರದೆಗೆ ಬಡಿದು ಬಿದ್ದುಹೋಗುತ್ತೆ. ಮಿಕ್ಕ ಇನ್ನೂರು ಗಜ ಬರೀ ಲೆಕ್ಕಾಚಾರ. ಎಷ್ಟು ವೇಗ, ಎಷ್ಟು ಡಿಗ್ರಿ ಏರಿತು, ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿತು, ಎಲ್ಲ ಟೀವಿ ಮೇಲೆ ಬರುತ್ತೆ. ಚೆಂಡಿನ ವೇಗವನ್ನು ಕೋಲಿನ ವೇಗದಿಂದ ಭಾಗಿಸಿದರೆ ಸ್ಮ್ಯಾಶ್ ಫ್ಯಾಕ್ಟರ್. ಅದು ಒಂದೂವರೆ ಹತ್ತಿರ ಬಂದರೆ ಭೇಷ್. ನಮ್ಮೋರದು 1.32. ಅಂಕಿ ನೋಡಿದವರೇ ಏನಂದರು ಗೊತ್ತಾ? “ಈ ಹಳೇದರಲ್ಲಿ ದಮ್ಮಿಲ್ಲ ಬಿಡ್ರಿ.” ಹಿಮ್ಮಡಿಗೆ ಹೊಡೆದೋರು ಅವರು, ದಮ್ಮಿಲ್ಲದೋನು ನಾನು!

ಪ್ರಶ್ನೆ: ನಮ್ಮ ಟೈಲರ್ ಹೀಗೆ ಅಂಕಿಯನ್ನು ಗೋಡೆ ಮೇಲೆ ಹಾಕುತ್ತಿರಲಿಲ್ಲ ನೋಡಿ. ಟೇಪು ಹಿಡಿದು ಸಣ್ಣ ದನಿಯಲ್ಲಿ ಹೇಳೋರು, ಹುಡುಗ ಬಿಲ್ ಪುಸ್ತಕದಲ್ಲಿ ಬರೆಯೋನು, ಚೀಟಿಗೆ ಬಟ್ಟೆಯ ಒಂದು ಚೂರು ಪಿನ್ ಮಾಡೋರು. ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಚೀಟಿಯಲ್ಲಿ 34 ಅಂತ ಬರೆಸಿ 36 ಕತ್ತರಿಸೋರಂತೆ. ಅದು ನನಗೆ ಗೊತ್ತಾದದ್ದು ಅಂಗಡಿ ಮುಚ್ಚಿದ ಮೇಲೆ...

ಡ್ರೈವರ್: ಪ್ರಶ್ನೆ ಏನು ಸ್ವಾಮಿ?

ಪ್ರಶ್ನೆ: ಇಲ್ಲೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರಾ?

ಡ್ರೈವರ್: ಎಲ್ಲರೂ! ಭಾನುವಾರ ಮೈದಾನದಲ್ಲಿ ಸೊಂಟನೋವು ಅಂತ ಮುಲುಗೋರು ಯಂತ್ರದ ಮುಂದೆ ನಿಂತರೆ ಜರಾಸಂಧನ ಮುಂದಿನ ಭೀಮ. ಆ ಬೀಸಿಗೆ ಅಳತೆ ತಗೊಂಡು ಗಟ್ಟಿ ಶಾಫ್ಟ್, ಅಂದರೆ ಕೋಲಿನ ದಂಡ, ಹಾಕಿಸ್ಕೊಂಡು ಹೋಗ್ತಾರೆ. ಸೋಮವಾರದಿಂದ ಮತ್ತೆ ಅದೇ ಮಾಮೂಲಿ ಬೀಸು. ಆಮೇಲೆ ಆ ಹೊಸ ಕೋಲಿಗೂ ನನ್ನ ಗತಿನೇ. ಇನ್ನೊಂದು, ನಲವತ್ತು ಚೆಂಡು ಹೊಡೆದ ಮೇಲೆ ಯಾರಿಗಾದರೂ ತೋಳು ಸೋಲುತ್ತೆ. ಕೊನೆಗೆ ಕೈಗೆ ಬಂದ ಶಾಫ್ಟು ಪಾಪ, ಅದರದಲ್ಲದ ತಪ್ಪಿಗೆ ಫೇಲು. ಬುದ್ಧಿ ಇರೋ ಫಿಟ್ಟರ್ ನಡುವೆ ಕೂರಿಸಿ ನೀರು ಕುಡಿಸ್ತಾನೆ. ಎಲ್ಲಕ್ಕಿಂತ ಉದ್ದ ಹೋದ ಒಂದು ಹೊಡೆತ ನೋಡಲ್ಲ, ಹತ್ತೂ ಎಷ್ಟು ಅಗಲಕ್ಕೆ ಚೆಲ್ಲಿವೆ ಅಂತ ನೋಡ್ತಾನೆ. ಒಳಗಿರೋ ಹುಡುಗ ಬುದ್ಧಿವಂತನೇ. ನನಗೆ ಅವನ ಮೇಲೆ ಸಿಟ್ಟಿಲ್ಲ.

ಪ್ರಶ್ನೆ: ಹಾಗಾದರೆ ಸಿಟ್ಟು ಯಾರ ಮೇಲೆ?

ಡ್ರೈವರ್: ಹತ್ತು ಗಜದ ಮೇಲೆ! ಪ್ರತಿ ವರ್ಷ ಹೊಸ ಮಾಡೆಲ್ ಬಂದಾಗಲೂ “ಹತ್ತು ಗಜ ಹೆಚ್ಚು” ಅಂತ ಕೂಗ್ತಾರೆ. ನಮ್ಮ ವಂಶ ಮರದ್ದು. ಪರ್ಸಿಮನ್ ಅಂತ ಮರ, ಅದಕ್ಕೇ ಇವತ್ತೂ ನಮ್ಮನ್ನ ‘ವುಡ್’ ಅಂತಲೇ ಕರೀತಾರೆ. 1979ರಲ್ಲಿ ಗ್ಯಾರಿ ಆಡಮ್ಸ್ ಅನ್ನೋರು ಲೋಹದ ತಲೆ ತಂದರು, ಟೇಲರ್‌ಮೇಡ್ ಕಂಪನಿ...

ಪ್ರಶ್ನೆ: ಟೈಲರ್! ನೋಡಿದಿರಾ, ನಾನು ಹೇಳಲಿಲ್ಲವೇ...

ಡ್ರೈವರ್: ಆ ಟೈಲರ್ ಅಲ್ಲ ಸ್ವಾಮಿ, ಅವರ ಸ್ಪೆಲ್ಲಿಂಗೇ ಬೇರೆ. 1991ರಲ್ಲಿ ಕ್ಯಾಲವೇಯವರ ಬಿಗ್ ಬರ್ಥಾ ಬಂತು, ಆಮೇಲೆ ಟೈಟಾನಿಯಂ. ಆ ದಿನಗಳಲ್ಲಿ ಗಜ ಹೆಚ್ಚಿದ್ದು ನಿಜ, ಇಲ್ಲ ಅನ್ನಲ್ಲ. ಆದರೆ 2004ರಿಂದ ತಲೆ 460 ಸಿಸಿ ದಾಟೋ ಹಾಗಿಲ್ಲ. ಮುಖ ಎಷ್ಟು ಚಿಮ್ಮಬೇಕು ಅನ್ನೋದಕ್ಕೂ ಮಿತಿ. ಉದ್ದ 48 ಇಂಚಿನೊಳಗೆ, ದೊಡ್ಡ ಸ್ಪರ್ಧೆಗಳಲ್ಲಿ 2022ರಿಂದ 46ಕ್ಕೇ ನಿಲ್ಲಿಸಬಹುದು. ಎಲ್ಲ ಕಡೆ ಬೇಲಿ ಹಾಕಿದ ಮೇಲೆ ಹತ್ತು ಗಜ ಎಲ್ಲಿಂದ ಬರುತ್ತೆ? ವರ್ಷವರ್ಷದ್ದೂ ಕೂಡಿಸಿದ್ದರೆ ದೊಮ್ಮಲೂರಲ್ಲಿ ಹೊಡೆದದ್ದು ಕೋರಮಂಗಲದಲ್ಲಿ ಯಾರದೋ ಬಾಲ್ಕನಿಯ ತುಳಸಿಕಟ್ಟೆಗೆ ಬೀಳಬೇಕಿತ್ತು. ಹೊಸಬರು ಅಡ್ಡಾದಿಡ್ಡಿ ಹೊಡೆತವನ್ನ ನನಗಿಂತ ಚೆನ್ನಾಗಿ ಸಹಿಸ್ಕೊಳ್ತಾರೆ. ಅಷ್ಟು ಒಪ್ಕೋತೀನಿ.

ಪ್ರಶ್ನೆ: ದೊಮ್ಮಲೂರು ಅಂದಿರಿ. ಅಲ್ಲೇ ಪಕ್ಕದ ಚಲ್ಲಘಟ್ಟದ ಕೆರೆಯಂಗಳದಲ್ಲಿ ಗಾಲ್ಫ್ ಹುಲ್ಲು ಬೆಳೆದ ಬಗ್ಗೆ...

ಡ್ರೈವರ್: ಲಾಫ್ಟ್ ಬಗ್ಗೆ ಕೇಳಿ, ಹೇಳ್ತೀನಿ.

ಪ್ರಶ್ನೆ: ಕೆರೆ...

ಡ್ರೈವರ್: ಲಾಫ್ಟ್ ಅಂದರೆ ನನ್ನ ಮುಖದ ಓರೆ. ಜೋರಾಗಿ ಬೀಸೋರಿಗೆ ಒಂಬತ್ತು ಡಿಗ್ರಿ ಸಾಕಾಗುತ್ತೆ. ನಿಧಾನಕ್ಕೆ ಬೀಸೋರಿಗೆ ಹನ್ನೆರಡು ಬೇಕು, ಇಲ್ಲದಿದ್ದರೆ ಚೆಂಡು ಏಳೋದೇ ಇಲ್ಲ. ಸಾದಾ ಲೆಕ್ಕ ಇದು. ಆದರೆ ಹನ್ನೆರಡು ಅಂದರೆ ಗಂಡಸರಿಗೆ ಮೀಸೆ ಬೋಳಿಸಿದ ಹಾಗೆ. ಶಾಫ್ಟಿನ ಅಕ್ಷರಗಳದ್ದೂ ಇದೇ ಪಾಡು. ಎಲ್, ಎ, ಆರ್, ಎಸ್, ಎಕ್ಸ್. ಇದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆಗೋಲು ಅಂತಿಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್ ಆಗಿರಬಹುದು. ಆದರೂ ಎಸ್ ಅಂತ ಬರೆದಿರೋದೇ ಬೇಕು. ಎಲ್ ಅಂದರೆ ‘ಲೇಡೀಸ್’ ಅಂತೆ. ಯಜಮಾನರಿಗಿಂತ ಜೋರಾಗಿ ಬೀಸೋ ಹೆಣ್ಣುಮಕ್ಕಳು ಆ ಮೈದಾನದಲ್ಲೇ ಆರೇಳು ಜನ ಇದಾರೆ.

ಪ್ರಶ್ನೆ: ಹೆಣ್ಣುಮಕ್ಕಳು ಅಂದಾಗ ನೆನಪಾಯಿತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಡ್ರೈವರಿನ ದೂರದಲ್ಲಿ ಆಕೆ ತೀರ ಹಿಂದಿನ ಸಾಲು. ಅಷ್ಟು ಮುಂದೆ ಬಂದದ್ದು ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಪಟರ್‌ನಿಂದ.

ಡ್ರೈವರ್: (ಕೆಮ್ಮಿ) ಪಟರ್ ಹೆಸರು ಈ ಡಿಕ್ಕಿಯಲ್ಲಿ ಎತ್ತಬೇಡಿ. ಮುಂದಿನ ಪ್ರಶ್ನೆ.

ಪ್ರಶ್ನೆ: ಸರಿ. ಆ ಯಂತ್ರ ಕೊನೆಗೆ ಕಂಡುಹಿಡಿದದ್ದೇನು?

ಡ್ರೈವರ್ ಸ್ವಲ್ಪ ಹೊತ್ತು ಸುಮ್ಮನಿತ್ತು. ಹುಲಿಟೋಪಿ ಜಾರಿ ಬಿತ್ತು, ನಾನು ಎತ್ತಲಿಲ್ಲ.

ಡ್ರೈವರ್: ಕೋಲು ಹೊರಗಿಂದ ಒಳಕ್ಕೆ ಬರುತ್ತೆ, ಚೆಂಡು ಹಿಮ್ಮಡಿಗೆ ತಗಲುತ್ತೆ, ಅದಕ್ಕೇ ಬಲಕ್ಕೆ ಬಾಗಿ ಹೋಗುತ್ತೆ. ಇಷ್ಟೇ. ಇದನ್ನ ನಮ್ಮ ಕ್ಯಾಡಿ ಏಳು ವರ್ಷದ ಹಿಂದೆ, ಮೊದಲನೇ ದಿನ, ಎರಡನೇ ಹೋಲ್ ಮುಗಿಯೋ ಮೊದಲೇ ಹೇಳಿದ್ದ. “ಸಾರ್, ಒಂದಿಂಚು ಕೆಳಗೆ ಹಿಡೀರಿ, ಆತುರ ಬೇಡ” ಅಂತ. ಯಾರು ಕೇಳ್ತಾರೆ? ಕ್ಯಾಡಿ ಮಾತು ತಾನೇ. ಅದನ್ನೇ ಬಣ್ಣದ ಚಿತ್ರ ಮಾಡಿ ಪಿಡಿಎಫ್ ಕಳಿಸಿದರೆ ವೇದವಾಕ್ಯ. ಆ ಮನುಷ್ಯ ನಮ್ಮನ್ನೆಲ್ಲ ಹೆಗಲಿಗೆ ಹಾಕ್ಕೊಂಡು ನಾಲ್ಕು ಗಂಟೆ ಬಿಸಿಲಲ್ಲಿ ನಡೀತಾನೆ. ಆಟ ಇದ್ದರೆ ಕೂಲಿ. ಮಳೆ ಬಂದು ನಿಂತರೆ ಬರಿಗೈ. 2020ರಲ್ಲಿ ಲಾಕ್‌ಡೌನ್ ಆದಾಗ ನಾನು ಎಸಿ ರೂಮಿನ ಮೂಲೇಲಿ ಒರಗಿದ್ದೆ. ಅವನು ಗಾಡಿ ಬಾಡಿಗೆಗೆ ತಗೊಂಡು ತರಕಾರಿ ಮಾರಿದ. ಕ್ಲಬ್ಬಿನೋರು ಅವನು ನಮ್ಮ ನೌಕರನಲ್ಲ ಅಂದರು, ಆಡೋರು ನಮ್ಮೋನಲ್ಲ ಅಂದರು. ಹಾಗಾದರೆ ಅವನು ಯಾರ ನೌಕರ? ಮಂಡಿ ಹೋಗಿದೆ ಅವನಿಗೆ. ಇವರ ಫಿಟ್ಟಿಂಗ್ ಫೀಸಿನಲ್ಲಿ ಅವನ ಎಷ್ಟು ದಿನದ ಕೂಲಿ ಇದೆ ಅನ್ನೋದನ್ನ ಆ ಪೆಟ್ಟಿಗೆ ಅಳೆಯಲ್ಲ. ನನ್ನ ಹತ್ತು ಗಜ ಹಾಳಾಗಿ ಹೋಗಲಿ, ಬಿಡಿ.

ನಾನು ಟೈಲರ್ ಮಾತು ಎತ್ತಲಿಲ್ಲ. ಟೋಪಿ ಎತ್ತಿ ಧೂಳು ಕೊಡವಿದೆ. ಒಳಗಿಂದ ವ್ರೆಂಚಿನ ‘ಟಕ್’ ಕೇಳಿಸಿತು. ಶಾಫ್ಟು ತಲೆಗೆ ಕೂತಾಗ ಬರುವ ಸದ್ದಂತೆ ಅದು.

ಪ್ರಶ್ನೆ: ಮುಂದೆ ನಿಮ್ಮ ಪಾಡು?

ಡ್ರೈವರ್: ಎಕ್ಸ್‌ಚೇಂಜಿಗೆ ಕೇಳಿದರು, ಹಳೇ ಮಿಕ್ಸಿಗೆ ಕೊಡೋಷ್ಟೂ ಬರಲ್ಲ ಅಂತ ಗೊತ್ತಾಯ್ತು. ಮಾಡಿನ ಮೇಲೆ ಹಾಕ್ತಾರೆ. ಹೊಸದು ಮೂರು ತಿಂಗಳು ಬಲಕ್ಕೆ ಬಾಗಿದ ಮೇಲೆ ಒಂದು ದಿನ ಇಳಿಸ್ತಾರೆ, ‘ಹಳೇದೇ ಚೆನ್ನಾಗಿತ್ತು’ ಅಂತ. ನಮ್ಮಪ್ಪನಿಗೂ ಹಾಗೇ ಆಗಿತ್ತು.

ಅಷ್ಟರಲ್ಲಿ ಷಡ್ಡಕರು ಬಂದರು, ಬೆವರಿನಲ್ಲೂ ಮದುವಣಿಗನ ಕಳೆ. ಕೈಯಲ್ಲಿ ಹೊಸ ಡ್ರೈವರ್. “ಆ ಹುಡುಗ ಹನ್ನೆರಡು ಡಿಗ್ರಿ ತಗೊಳ್ಳಿ ಅಂದ ಕಣ್ರೀ. ನಾನು ಬಿಡ್ತೀನಾ? ನೋಡಿ ಇಲ್ಲಿ” ಅಂತ ಅಡಿ ತಿರುಗಿಸಿ ತೋರಿಸಿದರು. 10.5 ಅಂತ ಕೆತ್ತಿತ್ತು. ನನಗೂ ಓದುವಂತೆ ಹೆಬ್ಬೆರಳಿನಿಂದ ಒರೆಸಿ, ಡಿಕ್ಕಿಯಲ್ಲಿ ಹಳೇದರ ಪಕ್ಕ ಮಲಗಿಸಿ, ದುಡ್ಡು ಕೊಡಲು ಮತ್ತೆ ಒಳಗೆ ಹೋದರು.

“ಸ್ವಾಮಿ, ಇವನ ಕತ್ತು ನೋಡಿ” ಅಂತ ಹಳೇ ಡ್ರೈವರ್ ಪಿಸುಗುಟ್ಟಿತು. ಕನ್ನಡಕ ಹಾಕಿಕೊಂಡು ಬಗ್ಗಿದೆ. ಶಾಫ್ಟು ತಲೆಗೆ ಸೇರುವ ಕಡೆ ತಿರುಗಿಸಿ ಕೂರಿಸಿದ ಬಳೆಯ ಮೇಲೆ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, +1.5.

“ಹೇಳಬೇಡಿ” ಅಂದಿತು.

ನಾನು ಇಬ್ಬರಿಗೂ ಟೋಪಿ ಹಾಕಿ ಡಿಕ್ಕಿ ಮುಚ್ಚಿದೆ.