ಕೌದಿಯ ಗುರುದಕ್ಷಿಣೆ

ಹಣ ತೆತ್ತು ಕೌದಿ ಹೊಲಿಯುವುದನ್ನು ಕಲಿಯಬಹುದೆಂಬ ವಾರ್ತೆ ಕೊಪ್ಪಳದ ನಮ್ಮ ಮನೆಯನ್ನು ಪ್ರವೇಶಿಸಿದುದು ಬೆಂಗಳೂರಿನ ಸೊಸೆಯ ಮೂಲಕ. ನಿವೃತ್ತನಾದ ಮೇಲೆ ಜಂತೆ ಎಣಿಸುವುದನ್ನೇ ಮುಖ್ಯ ಉದ್ಯೋಗವಾಗಿಸಿಕೊಂಡಿರುವ ಮಾವನಿಗೆ ಆ ತರಗತಿ ಹಿತವಾದೀತೆಂಬುದು ಆಕೆಯ ಅಭಿಪ್ರಾಯ. ಕಚೇರಿಯ ಕಡತಗಳಿಗೆ ದಬ್ಬಣದಿಂದ ದಾರ ಪೋಣಿಸಿದ ದೀರ್ಘಾನುಭವ ನನಗಿರುವುದರಿಂದ ಯೋಗ್ಯತೆಯ ಪ್ರಶ್ನೆ ಏಳಲಿಲ್ಲ. ಎದ್ದುದು ಶುಲ್ಕದ ಪ್ರಶ್ನೆ. ಅದಕ್ಕೂ ಮಿಗಿಲಾಗಿ, ವಿದ್ಯಾರ್ಥಿಗಳು ಹೊಸ ಹತ್ತಿಬಟ್ಟೆಯನ್ನು ಕೊಂಡು ತಂದು ಚೌಕಾಕಾರವಾಗಿ ಕತ್ತರಿಸತಕ್ಕದ್ದೆಂಬ ನಿಯಮವೊಂದು ನನ್ನನ್ನು ಬಹಳ ಹೊತ್ತು ಚಿಂತೆಗೆ ಹಚ್ಚಿತು.

ನಮ್ಮ ಸೀಮೆಯಲ್ಲಿ ಕುಷ್ಟಗಿಯ ನೆರೆಯ ಇಳಕಲ್ಲಿನಿಂದ ಬಂದ ಸೀರೆಯೊಂದು, ಮದುವೆ ಸೀಮಂತಗಳಲ್ಲಿ ಮೆರೆದು, ಗವಿಮಠದ ಜಾತ್ರೆಯ ಧೂಳುಂಡು, ಮುಂದೆ ಕಳೆ ಕೀಳಲು ಹೊಲಕ್ಕಿಳಿದು, ಕಟ್ಟಕಡೆಗೆ ಕೂಸಿನ ಜೋಳಿಗೆಯೂ ಆಗಿ, ಇನ್ನಾವ ಪದವಿಗೂ ಸಲ್ಲದೆಂದು ನಿರ್ಣಯವಾದ ಬಳಿಕವಷ್ಟೇ ಕೌದಿಯ ಹೊಟ್ಟೆ ಸೇರುವ ಅಧಿಕಾರವನ್ನು ಪಡೆಯುತ್ತದೆ. ಇದು ಬರಿಯ ಜಿಪುಣತನವಲ್ಲ. ಹಲವು ನೀರು ಕಂಡ ಬಟ್ಟೆ ಮೆದುವಾಗಿ, ಪದರದ ಮೇಲೆ ಪದರ ಹಾಸಿದರೂ ಸೂಜಿಗೆ ದಾರಿ ಬಿಡುತ್ತದೆ. ಹೊಸದಾದರೋ ಗಂಜಿಯ ಗರ್ವದಿಂದ ಸೆಟೆದು ನಿಂತು, ಮೊದಲ ಒಗೆತಕ್ಕೇ ಕುಗ್ಗಿ, ಹೊಲಿದದ್ದನ್ನೆಲ್ಲ ಸುಕ್ಕುಗಟ್ಟಿಸುತ್ತದೆ.

ಯಲಬುರ್ಗಾದ ಚಿಗವ್ವನಲ್ಲಿ ಈ ವಿಷಯವನ್ನು ಅರಿಕೆ ಮಾಡಿಕೊಂಡೆ. "ಅಲ್ಲೋ ತಮ್ಮಾ, ಹೊಸಾ ಅರಿವಿ ಹರದು ಚಿಂದಿ ಮಾಡಾಕ ಮ್ಯಾಲ ರೊಕ್ಕಾನೂ ಕೊಡಬೇಕೇನು?" ಎಂದಳು. ಕೌದಿಯ ಘನತೆಯನ್ನು ಸ್ಥಾಪಿಸಲೋಸುಗ ನಾನು ಅಮೆರಿಕೆಯ ಅಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬ ಹಳ್ಳಿಯ ಹೆಂಗಸರ ವೃತ್ತಾಂತವನ್ನು ತೆಗೆದೆ: ದುಡಿಮೆಯಲ್ಲಿ ಸವೆದ ಬಟ್ಟೆಗಳಿಂದ ಅವರು ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನಲ್ಲಿಯೂ ಅನಂತರ ನ್ಯೂಯಾರ್ಕಿನಲ್ಲಿಯೂ ವಸ್ತುಸಂಗ್ರಹಾಲಯದ ಗೋಡೆಗಳಿಗೆ ತೂಗುಹಾಕಿ ಪ್ರದರ್ಶಿಸಿದರೆಂದೆ. "ಗ್ವಾಡಿಗೆ ಥಂಡಿ ಹತ್ತಿತ್ತೇನು?" ಎಂದು ಕೇಳಿ ಆಕೆ ಹೊಲಿಗೆಯನ್ನು ಮುಂದುವರಿಸಿದಳು.

ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಸ್ತ್ರೀಯರ ಮತವೂ ಕೇಳತಕ್ಕದ್ದೇ. ಅವರು ಅಂಚಿನಿಂದ ಹೊರಟು ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಹೂವಿನಂತಹ ತುಣುಕುಗಳನ್ನು ಹೊಲಿಯದಿದ್ದರೆ ಕೌದಿ ಬೆತ್ತಲೆಯೆಂದೇ ಅವರ ಭಾವನೆ. ಇಂತಹ ಮಾನದ ಪ್ರಶ್ನೆಯಾವುದೂ ಸೊಸೆ ಕಳುಹಿಸಿದ ಪಠ್ಯಕ್ರಮದಲ್ಲಿ ಕಾಣಲಿಲ್ಲ. ಆದರೂ ಆ ತರಗತಿಯನ್ನು ಹಳಿಯಲಾರೆ: ಅಳತೆಯ ಶಿಸ್ತನ್ನೂ ಬಣ್ಣಗಳ ಹೊಂದಾಣಿಕೆಯನ್ನೂ ಅದು ಕಲಿಸೀತು, ಹಳೆಯ ಸೀರೆಯನ್ನೂ ಚಿಗವ್ವನನ್ನೂ ಪಡೆಯದ ನಗರವಾಸಿ ಇನ್ನೆಲ್ಲಿಗೆ ಹೋಗಬೇಕು?

ಹಾಗೆಂದು ಚಿಗವ್ವನ ಪಾಠಶಾಲೆ ಧರ್ಮಾರ್ಥವೆಂದು ಯಾರೂ ಭ್ರಮಿಸಬಾರದು. ಅವಳ ಮಂದದೃಷ್ಟಿಯ ನಿಮಿತ್ತ ಸಕಲ ಸೂಜಿಗಳಿಗೂ ದಾರ ಪೋಣಿಸಿಕೊಡುವುದು ಶಿಷ್ಯನ ಹೊಣೆ. ಅದರ ಜೊತೆಗೆ ಗಂಗಾವತಿಯ ಬೀಗರ ಭತ್ತದ ಗರ್ವವನ್ನೂ ಕುಷ್ಟಗಿಯ ದಾಯಾದಿಗಳ ಬದುವಿನ ವ್ಯಾಜ್ಯವನ್ನೂ ಆದ್ಯಂತ ಆಲಿಸಬೇಕು. ನಡುವೆ ಹೂಂಗುಟ್ಟುವುದು ತಪ್ಪಿದರೆ ಹೊಲಿದ ಸಾಲನ್ನು ಬಿಚ್ಚಿಸುತ್ತಾಳೆ. ತರಗತಿಯ ಶುಲ್ಕ, ಚಿಗವ್ವನ ಸೇವೆ ಎಂಬ ಈ ಎರಡು ದಕ್ಷಿಣೆಗಳಲ್ಲಿ ಯಾವುದು ಹಗುರವೆಂದು ನಾನಿನ್ನೂ ತೂಗುತ್ತಿರುವಾಗಲೇ, ಬೆಂಗಳೂರಿನವರು ತಲೆಗೆಷ್ಟು ತೆಗೆದುಕೊಳ್ಳುವರೆಂದು ಚಿಗವ್ವ ವಿಚಾರಿಸಿದಳು. ಹೇಳಿದೆ. ಸೂಜಿಯನ್ನು ಕೌದಿಗೆ ಚುಚ್ಚಿ, ಕನ್ನಡಕವನ್ನು ಹಣೆಗೇರಿಸಿ, ಕ್ಷಣಕಾಲ ನನ್ನನ್ನೇ ದಿಟ್ಟಿಸಿದಳು.

"ಅಲ್ಲೆ ಕಲಸೋರು ಕಡಿಮಿ ಬಿದ್ದಾರೇನು, ಒಂದು ಮಾತು ಕೇಳಿ ನೋಡು."