ಸರ್ಕಾರಿ ಶಾಲೆ ಖಾಲಿ ಮಾಡುವ ಕ್ರಮ

ಬೀಗ ಹಾಕಲು ಹೋಗಬೇಡಿ, ಅದು ಹೊಸಬರ ಕೆಲಸ. 2018ರ ಜುಲೈ ಬಜೆಟ್ಟಿನಲ್ಲಿ 28,847 ಶಾಲೆಗಳನ್ನು ಹತ್ತಿರದ 8,530 ಶಾಲೆಗಳಿಗೆ ಸೇರಿಸುತ್ತೇವೆ ಎಂದದ್ದಕ್ಕೇ ರಾಜ್ಯವೆಲ್ಲ ಗದ್ದಲವಾಯಿತು. ಬಾಗಿಲು ತೆರೆದೇ ಇರಲಿ, ಮಕ್ಕಳೇ ಹೋಗಲಿ.

ಜಾಗ: ತೋಡಾರಿನಂಥ ಊರು ಉತ್ತಮ. ಹೆದ್ದಾರಿ ಬದಿ, ಮೂಡುಬಿದಿರೆ ಪೇಟೆ ಹತ್ತಿರ, ಊರಲ್ಲೇ ಎಂಜಿನಿಯರಿಂಗ್ ಕಾಲೇಜು. ಹಳದಿ ಬಸ್ಸುಗಳು ಕರೆಯದೆ ಬರುತ್ತವೆ.

ಮೊದಲ ಕೆಲಸ: ಮಾಸ್ಟ್ರು ನಿವೃತ್ತರಾದರೆ ಶಾಲು ಹೊದಿಸಿ, ಫೋಟೋ ತೆಗೆಸಿ, ಹುದ್ದೆಯನ್ನು ಹಾಗೇ ಬಿಡಿ. ಶಾಲೆ ಶುರುವಾಗಿ ಸ್ವಲ್ಪ ದಿನ ಕಳೆದ ಮೇಲೆ ಅತಿಥಿ ಶಿಕ್ಷಕಿಯನ್ನು ಕರೆಯಿರಿ. 2025ರ ಬಜೆಟ್ಟಿನಲ್ಲಿ ಗೌರವಧನ 2,000 ರೂಪಾಯಿ ಏರಿತು. ಗಾಬರಿ ಬೇಡ, ತಿಂಗಳು ತಿಂಗಳು ಕೊಡಬೇಕೆಂದೇನೂ ಇಲ್ಲ. ಅದೂ ಭಾರವೆನಿಸಿದರೆ ನಮ್ಮ ಜಿಲ್ಲೆಯದೇ ಒಂದು ಉಪಾಯ ಉಂಟು: ಗೌರವ ಶಿಕ್ಷಕಿ. ಸಂಬಳ ಊರಿನವರದ್ದು, ಗೌರವ ಸರ್ಕಾರದ್ದು.

ಉಳಿದ ಒಬ್ಬ ಟೀಚರಿಗೆ ಒಂದು, ಎರಡು, ಮೂರನೇ ತರಗತಿ ಒಟ್ಟಿಗೇ ಕೊಡಿ. ಮೇಲಿಂದ ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಎಂಟ್ರಿ. ಒಂದನೇ ತರಗತಿಯ ಹುಡುಗ 'ಅ' ತಿದ್ದುವ ಹೊತ್ತಿಗೇ ಓಟಿಪಿ ಬರಬೇಕು. ನೆಟ್‌ವರ್ಕ್ ಗೇಟಿನ ಬಳಿ ಮಾತ್ರ ಸಿಗಬೇಕು. ಇಷ್ಟಾದರೂ ಪಾಠ ನಡೆದರೆ ಸಮೀಕ್ಷೆಗೆ ಕಳಿಸಿ. 2025ರ ಅಕ್ಟೋಬರಿನಲ್ಲಿ ಅದೇ ಕಾರಣಕ್ಕೆ ದಸರಾ ರಜೆ 18ರವರೆಗೆ ಬೆಳೆಯಿತು.

ಈಗ ಅಮ್ಮಂದಿರು ಟಿಸಿ ಕೇಳಿಕೊಂಡು ಬರುತ್ತಾರೆ. ಕೊಟ್ಟುಬಿಡಿ. ಸಮಗ್ರ ಶಿಕ್ಷಣದ ಶಾಲಾ ಅನುದಾನ ತಲೆ ಎಣಿಸಿ ಬರುವಂಥದ್ದು: 31 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿ, 30ಕ್ಕಿಳಿದರೆ 10,000. ಒಂದು ಟಿಸಿಗೆ 15,000 ಉಳಿತಾಯ! ಆಷಾಢದ ಗಾಳಿ ಮಾತ್ರ ತಲೆ ಎಣಿಸಿ ಹಂಚು ಹಾರಿಸುವುದಿಲ್ಲ.

ಎಚ್ಚರಿಕೆ: ಪೋಷಕರ ಹತ್ತಿರ ಹಣ ಕೇಳಿ ಸುತ್ತೋಲೆ ಹೊರಡಿಸಬೇಡಿ. 2022ರ ಅಕ್ಟೋಬರಿನಲ್ಲಿ ತಿಂಗಳಿಗೆ 100 ರೂಪಾಯಿ ದೇಣಿಗೆಯ ಸುತ್ತೋಲೆ ಹೋದಷ್ಟೇ ವೇಗದಲ್ಲಿ ವಾಪಸು ಬಂತು. ಅದರ ಬದಲು ಶತಮಾನೋತ್ಸವ ಮಾಡಿಸಿ. ಹೊರೆಕಾಣಿಕೆಯ ಹಾಗೆ ಸಿಮೆಂಟು, ಫ್ಯಾನು ಬಂದು ಬೀಳುತ್ತವೆ. ಊರಲ್ಲಿ ಕಿತ್ತಳೆ ಮಾರುವವರಿದ್ದರೆ ಇನ್ನೂ ಅನುಕೂಲ. ಹರೇಕಳ ಹಾಜಬ್ಬರು ಬುಟ್ಟಿ ಹೊತ್ತು ದುಡಿದು ತಮ್ಮೂರಿಗೆ ಶಾಲೆ ತಂದರು, ಸರ್ಕಾರ ಪದ್ಮಶ್ರೀ ಕೊಟ್ಟಿತು. ಪದಕಕ್ಕೆ ವರ್ಷ ವರ್ಷ ಸುಣ್ಣಬಣ್ಣದ ಖರ್ಚಿಲ್ಲ.

ಕೆಲವು ಕಡೆ ಈ ಕ್ರಮ ಕೈಕೊಡುತ್ತದೆ. ಬಂಟ್ವಾಳದ ದಡ್ಡಲಕಾಡಿನಲ್ಲಿ ಇನ್ನೇನು ಮುಚ್ಚಬೇಕಿದ್ದ ಶಾಲೆಯನ್ನು ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಹುಡುಗರು ದತ್ತು ತೆಗೆದುಕೊಂಡು ಮಕ್ಕಳಿಂದ ತುಂಬಿಸಿಬಿಟ್ಟರು. ಅಂಥಲ್ಲಿಗೆ ಹೋಗಿ ವೇದಿಕೆಯಲ್ಲಿ ಹೊಗಳಿ. ಹುದ್ದೆ ಕೇಳಿದರೆ 'ಪ್ರಸ್ತಾವ ಕಳಿಸಿ' ಎನ್ನಿ.

ಖಾಲಿಯಾದ ಕಟ್ಟಡವನ್ನು ಕೆಡವಬೇಡಿ. ಮತಗಟ್ಟೆಗೆ ಬೇಕಾಗುತ್ತದೆ. ಚುನಾವಣೆ ಘೋಷಣೆಯಾದ ವಾರದಲ್ಲೇ ರ್‍ಯಾಂಪು, ಬಲ್ಬು, ಕುಡಿಯುವ ನೀರು ಎಲ್ಲ ಬರುತ್ತದೆ. ಯಾವ ಅರ್ಜಿಯೂ ಬೇಡ.