ಒಆರ್‌ಎಸ್ ಹೌದು, ಆದರೆ ಅಲ್ಲ

ಸಿಹಿ ಪಾನೀಯದ ಡಬ್ಬಿಯ ಹೆಸರಿನಲ್ಲೇ ‘ಒಆರ್‌ಎಸ್’ ಇರಬಹುದು, ಪಕ್ಕದಲ್ಲೆಲ್ಲೋ ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಒಆರ್‌ಎಸ್ ಅಲ್ಲ’ ಎಂದು ಅಚ್ಚಾಗಿದ್ದರೆ ಸಾಕು. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟಿದ್ದ ಅಪ್ಪಣೆ ಇದು. ನೇತಿ ನೇತಿ ಎಂದ ಉಪನಿಷತ್ತಿನ ಋಷಿಗಳಿಗೂ ಟೆಟ್ರಾ ಪ್ಯಾಕ್ ಮೇಲೆ ಇಷ್ಟು ಸೊಗಸಾಗಿ ಅದನ್ನು ಹೇಳುವ ಭಾಗ್ಯ ಸಿಕ್ಕಿರಲಿಲ್ಲ. ನಡುರಾತ್ರಿ ಭೇದಿಯಾಗುತ್ತಿರುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಔಷಧಿ ಅಂಗಡಿಗೆ ಓಡಿದ ತಾಯಿ, ಕನ್ನಡಕ ಹಾಕಿಕೊಂಡು ಆ ವೇದಾಂತವನ್ನು ಓದಿ ಮನನ ಮಾಡಬೇಕಿತ್ತು, ಅಷ್ಟೇ.

ನಿಜವಾದ ಒಆರ್‌ಎಸ್ ಬಡಪಾಯಿ. ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಚೂರು ಪೊಟ್ಯಾಸಿಯಂ, ಚೂರು ಸಿಟ್ರೇಟ್. ಕರುಳು ಸೋಡಿಯಂ, ಗ್ಲೂಕೋಸ್ ಎರಡನ್ನೂ ಜೋಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ; ನೀರು ಅವುಗಳ ಬೆನ್ನು ಹತ್ತಿ ಬರುತ್ತದೆ. ಸಕ್ಕರೆ ವಿಪರೀತವಾದರೆ ಲೆಕ್ಕ ತಿರುಗುಮುರುಗು: ಮೈಯೊಳಗಿನ ನೀರೇ ಕರುಳಿಗಿಳಿದು ಭೇದಿ ಜೋರಾಗುತ್ತದೆ. ಆ ರಂಗುರಂಗಿನ ಡಬ್ಬಿಗಳ ಪೈಕಿ ಕೆಲವುಗಳಲ್ಲಿ ಸಕ್ಕರೆ ಲೀಟರಿಗೆ ನೂರು ಗ್ರಾಂ ದಾಟಿತ್ತು. ಕಾಯಿಲೆಗೂ ಮಾರಾಟಕ್ಕೂ ಏಕಕಾಲದಲ್ಲಿ ಚೈತನ್ಯ!

ಆ ಬಡಪಾಯಿಯ ತಾಕತ್ತು ನೋಡಿ: 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು, ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಹೋದ ಮರುವರ್ಷ. ಪಾಪ, ಮ್ಯಾಂಗೋ ಫ್ಲೇವರ್ ಹಾಕಿರಲಿಲ್ಲವಲ್ಲ.

ಈಗ ಒಆರ್‌ಎಸ್‌ನಂತೆ ಲವಣ ಬೆರೆಸಿದ ‘ಎಲೆಕ್ಟ್ರೋಲೈಟ್’ ನೀರು ಯಾರಿಗೆ ಬೇಕು? ಮೇ ತಿಂಗಳಲ್ಲಿ ರಾಯಚೂರಿನ ರಸ್ತೆಗೆ ಡಾಂಬರು ಸುರಿಯುವವನಿಗೆ ಬೇಕು. ಕುಡಿಯುವವರು ಮಾತ್ರ ಕಬ್ಬನ್ ಪಾರ್ಕಿನಲ್ಲಿ ಅರ್ಧ ಸುತ್ತು ಹಾಕಿ, ಏಸಿ ಕಾರು ಹತ್ತುವ ಮಹನೀಯರು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹಪ್ಪಳ-ಉಪ್ಪಿನಕಾಯಿ, ಉಪ್ಪು ಕಮ್ಮಿ ಮಾಡಿ ಎಂದ ಡಾಕ್ಟರು ಬರೆದ ಬಿಪಿ ಮಾತ್ರೆ. ಆ ಮಾತ್ರೆ ನುಂಗುವುದಕ್ಕೆ ದುಡ್ಡು ಕೊಟ್ಟು ತಂದ ಸೋಡಿಯಂ ನೀರು. ಮನೆಯ ಮಜ್ಜಿಗೆ ಬೇಡ, ಅದರಲ್ಲಿ ಇನ್‌ಸ್ಟಾಗ್ರಾಮಿಗೆ ಹಾಕುವಂಥದ್ದೇನೂ ಇಲ್ಲ.

ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಆ ‘ಒಆರ್‌ಎಸ್’ ಡಬ್ಬಿಗಳ ವಿರುದ್ಧ ಸುಮಾರು ಎಂಟು ವರ್ಷ ಬಡಿದಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರ ತನ್ನ ಅಪ್ಪಣೆ ಹಿಂಪಡೆಯಿತು. ಇದ್ದ ದಾಸ್ತಾನನ್ನಾದರೂ ಮಾರಲು ಬಿಡಿ ಎಂದು ಕಂಪನಿಯೊಂದು ದೆಹಲಿ ಹೈಕೋರ್ಟಿಗೆ ಹೋಗಿ ಬರಿಗೈಯಲ್ಲಿ ಮರಳಿತು. ಆದರೆ ಆದೇಶ ಕಿತ್ತುಕೊಂಡದ್ದು ಮೂರಕ್ಷರಗಳನ್ನು. ಸಕ್ಕರೆಯ ತಂಟೆಗೆ ಅದು ಹೋಗಿಲ್ಲ. ಈಗ ಅಂಗಡಿಯಲ್ಲಿ ಕೇಳಿನೋಡಿ, ಕೌಂಟರಿನಿಂದ ಉತ್ತರ ಸಿದ್ಧ: ‘ಅದೇ ಸಾರ್ ಇದು, ಹೆಸರು ಮಾತ್ರ ಚೇಂಜು. ಆರೆಂಜಾ, ಆಪಲ್ಲಾ?’